ಹದಿನಾರು ಸೋಮವಾರ ಉಪವಾಸ ಮಾಡಿದ ಮಿಷನ್ನು

೧೯೯೭ರ ಜೂನ್ ತಿಂಗಳಲ್ಲಿ ನಾನು ಹರಿಹರಕ್ಕೆ ಅಂಟಿಕೊಂಡಂತಿರುವ ಗುತ್ತೂರಿನ ಹತ್ತಿರದ ಒಂದು ಫೌಂಡ್ರಿಗೆ ಯುಟಿಲಿಟಿ ಇಂಜಿನಿಯರ್ ಆಗಿ ಸೇರಿದೆ. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆ. ನಮ್ಮಲ್ಲಿ ನೀರೆತ್ತುವ ಪಂಪುಗಳ ಮೈ ತಯಾರಾಗುತ್ತಿತ್ತು. ಯುಟಿಲಿಟಿ ಎಂದರೆ, ಸರಿಯಾಗಿ ನಡೆಯುತ್ತಿರುವಾಗ ಯಾರ ಕಣ್ಣಿಗೂ ಬೀಳದ, ನಿಂತ ಕೂಡಲೇ ಎಲ್ಲರ ಬಾಯಿಗೂ ಬೀಳುವ ಕೆಲಸಗಳ ಖಾತೆ: ನೀರು, ಕರೆಂಟು, ಜನರೇಟರ್, ಕಂಪ್ರೆಸರ್, ಏಸಿ, ಕಕ್ಕಸಿನ ಪೈಪು. ಒಂದು ವರ್ಷ ಪ್ರೊಬೇಷನ್, ಆಮೇಲೆ ಕಾಯಂ ಎಂಬ ಮಾತಿನ ಮೇಲೆ ನನ್ನನ್ನು ತೆಗೆದುಕೊಂಡಿದ್ದರು. ಆಗಷ್ಟೇ ಮದುವೆಯಾಗಿ ದಾವಣಗೆರೆಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಬಾತಿ ದಾಟಿ, ಹರಿಹರದಲ್ಲಿ ಇಳಿದು, ಅಲ್ಲಿಂದ ಕಂಪನಿಯ ಟೆಂಪೋ ಹಿಡಿಯುತ್ತಿದ್ದೆ. ಆ ಕಾಯಂ ಕಾಗದ ಕೈಗೆ ಬರುವವರೆಗೆ ಮನೆಗೆ ಫ್ರಿಜ್ಜು ತರುವುದು ಬೇಡ ಎಂದು ನನ್ನ ಹೆಂಡತಿ ತೀರ್ಮಾನ ಮಾಡಿದ್ದಳು. ಏಸಿ, ಚಿಲ್ಲರ್ ಎಂದು ಊರಿಗೆಲ್ಲ ತಂಪು ಮಾಡುವವನ ಮನೆಯಲ್ಲಿ ನಾವು ಮಡಕೆಯ ನೀರು ಕುಡಿಯುತ್ತಿದ್ದೆವು.

ಕಾರ್ಖಾನೆಯ ಯಜಮಾನರು ಚನ್ನವೀರಪ್ಪನವರು. ದಾವಣಗೆರೆಯ ಹಳೆಯ ಹತ್ತಿ ವ್ಯಾಪಾರದ ಮನೆತನ. ಮೂವತ್ತು ವರ್ಷದ ಹಿಂದೆ ಅರಳೆ ಬಿಟ್ಟು ಕಬ್ಬಿಣಕ್ಕೆ ಕೈ ಹಾಕಿದವರು. ಎಪ್ಪತ್ತು ದಾಟಿದ್ದರೂ ಸೋಮವಾರದ ಮೀಟಿಂಗ್ ಅವರದೇ. ಉಳಿದ ದಿನಗಳ ಆಡಳಿತ ಮಗ ಜಗದೀಶ್ ಅವರದು. ಆಫೀಸಿನ ಪಕ್ಕದಲ್ಲಿ ಜಗದೀಶ್ ನಲವತ್ತು ಜನ ಕೂರುವ ಒಂದು ಹಾಲ್ ಕಟ್ಟಿಸಿದ್ದರು. ಫೌಂಡ್ರಿಯ ಕರಿ ಮರಳು ಕಿಟಕಿ ತೆರೆದರೆ ಸಾಕು, ಹಾಜರಿ ಹಾಕಲು ಬಂದಂತೆ ಒಳಗೆ ಬರುತ್ತಿತ್ತು. ಆದ್ದರಿಂದ ಕಿಟಕಿಗಳನ್ನು ಗಾಜು ಹಾಕಿ ಮುಚ್ಚಿಸಿ, ಎರಡು ಏಸಿ ಕೂರಿಸಿದರು. ಏಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಆಕಳಿಕೆ. ಹೊಸ ಗಾಳಿ ಬೇಕೆಂದು ಫ್ಯಾನ್ ಇಟ್ಟರೆ ಹೊರಗಿನ ಮೂವತ್ತೆಂಟು ಡಿಗ್ರಿಯ ಬಿಸಿ ಒಳಗೆ ಬಂದು ಏಸಿಯ ದುಡಿಮೆಯೆಲ್ಲ ನೀರುಪಾಲು.

ಆಗ ನಾನೇ ಮುಂದಾಗಿ ಹೀಟ್ ರಿಕವರಿ ವೆಂಟಿಲೇಷನ್ ಎಂಬ ಯಂತ್ರದ ಹೆಸರು ಹೇಳಿದೆ. ಅದರ ಕೆಲಸ ಸರಳ. ಹಾಲ್‌ನಿಂದ ಹೊರಹೋಗುವ ಹಳೆಯ ಗಾಳಿ ಇಪ್ಪತ್ತಾರು ಡಿಗ್ರಿಯಷ್ಟು ತಂಪಾಗಿರುತ್ತದೆ. ಅದನ್ನು ಸುಮ್ಮನೆ ಬೀದಿಗೆ ಬಿಡುವ ಬದಲು ಒಂದು ಪೆಟ್ಟಿಗೆಯ ಮೂಲಕ ಕಳಿಸುತ್ತಾರೆ. ಪೆಟ್ಟಿಗೆಯ ಒಳಗೆ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ತಗಡುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿರುತ್ತಾರೆ. ಇದಕ್ಕೆ ಕೋರ್ ಎನ್ನುತ್ತಾರೆ. ತಗಡಿನ ಒಂದು ಬದಿಗೆ ಹಳೆಯ ಗಾಳಿ, ಇನ್ನೊಂದು ಬದಿಗೆ ಹೊರಗಿನಿಂದ ಬರುವ ಹೊಸ ಗಾಳಿ. ತಂಪು ತಗಡನ್ನು ದಾಟುತ್ತದೆ, ಗಾಳಿ ದಾಟುವುದಿಲ್ಲ. ಹೊರಗಿನ ಮೂವತ್ತೆಂಟು ಡಿಗ್ರಿಯ ಗಾಳಿ ಮೂವತ್ತೊಂದಾಗಿ ಒಳಗೆ ಬರುತ್ತದೆ. ಉಳಿದದ್ದನ್ನು ಏಸಿ ನೋಡಿಕೊಳ್ಳುತ್ತದೆ. ಜಗದೀಶ್ ಖುಷಿಯಾಗಿ ತರಿಸಿದರು. ೧೯೯೮ರ ಜನವರಿಯಲ್ಲಿ ಹಾಲ್‌ನ ಮೇಲಿನ ತಾರಸಿ ಕೋಣೆಯಲ್ಲಿ ಯಂತ್ರ ಕೂತಿತು. ಶಿಫಾರಸು ಪತ್ರದ ಕೆಳಗೆ ನನ್ನ ಸಹಿ ದೊಡ್ಡದಾಗಿಯೇ ಇತ್ತು. ಹೊಸ ಗಾಳಿ ಬೀಳುವ ಜಾಲರಿಯನ್ನು ಸರಿಯಾಗಿ ಯಜಮಾನರ ಕುರ್ಚಿಯ ಮೇಲೆ ಬರುವಂತೆ ಇಡಿಸಿದ್ದೂ ನಾನೇ. ಹಿರಿಯರಿಗೆ ಮೊದಲ ಗಾಳಿ ಸಿಗಲಿ ಎಂಬ ಆಸೆ. ಅದರಲ್ಲಿ ಕಾಯಂ ಕಾಗದದ ಆಸೆಯೂ ಸ್ವಲ್ಪ ಸೇರಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಯಂತ್ರವನ್ನು ನೋಡಿಕೊಳ್ಳಲು ಕೋಟ್ರಪ್ಪನನ್ನು ನೇಮಿಸಿದೆ. ಕೊಕ್ಕನೂರಿನ ಒಕ್ಕಲುತನದ ಮನೆಯವನು, ಐವತ್ತರ ಆಸುಪಾಸು, ಇಪ್ಪತ್ತೆರಡು ವರ್ಷದ ಸರ್ವೀಸು. ಹತ್ತಿರ ಹೋದರೆ ವಿಭೂತಿಯ ಜೊತೆಗೆ ಗ್ರೀಸಿನ ವಾಸನೆ ಬರುತ್ತಿತ್ತು. ಅಂಥ ಅಚ್ಚುಕಟ್ಟಿನ ಕೆಲಸಗಾರನನ್ನು ನಾನು ಮತ್ತೆ ನೋಡಲಿಲ್ಲ. ಯಂತ್ರದ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದ. ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು, ನೀರಿನ ಟ್ರೇ ಒರೆಸಬೇಕು, ಫ್ಯಾನಿನ ಬೆಲ್ಟ್ ನೋಡಬೇಕು. ಮೂರು ತಿಂಗಳಿಗೊಮ್ಮೆ ಕೋರನ್ನು ಹೊರಗೆಳೆದು ಸೋಪಿನ ನೀರಲ್ಲಿ ತೊಳೆಯಬೇಕು. ಇಷ್ಟೇ ಅದರ ಆರೈಕೆ. ಮಾಡಿದ್ದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಯಬೇಕು, ಶನಿವಾರ ನಾನು ಸಹಿ ಹಾಕಬೇಕು. ಕಂಪ್ರೆಸರ್, ಜನರೇಟರ್, ಬೋರ್‌ವೆಲ್ ಎಲ್ಲದರದ್ದೂ ಸೇರಿ ಶನಿವಾರ ಸಂಜೆ ನನ್ನ ಮೇಜಿಗೆ ಹದಿನೈದು ಕಾರ್ಡು ಬರುತ್ತಿದ್ದವು. ಐದೂವರೆಯ ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ.

ಮೊದಲ ದಿನ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಪಾಠ ಮಾಡಿದ್ದೆ. ಎಂದೂ ಪಾಠ ಮಾಡದವನಿಗೆ ಒಬ್ಬ ಕೇಳುಗ ಸಿಕ್ಕಿದರೆ ನಾಲಿಗೆ ನಿಲ್ಲುವುದಿಲ್ಲ. "ಒಳಗೆ ಕೂತವರು ಉಸಿರಾಡಿ ಬಿಟ್ಟ ಗಾಳಿ ಈ ಪೆಟ್ಟಿಗೆಗೆ ಬರುತ್ತೆ. ಹೊಸ ಗಾಳಿಯೂ ಇದೇ ಪೆಟ್ಟಿಗೆಗೆ ಬರುತ್ತೆ. ಇಲ್ಲಿ ಎರಡೂ ಸಂಧಿಸಿ, ಹಳೆಯದು ತನ್ನಲ್ಲಿದ್ದದ್ದನ್ನು ಹೊಸದಕ್ಕೆ ಕೊಟ್ಟು ಹೋಗುತ್ತೆ," ಎಂದು ಕೈ ಆಡಿಸಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮಾತು ನನಗೇ ಬಹಳ ಇಷ್ಟವಾಗಿತ್ತು. ಕೋಟ್ರಪ್ಪ ತಲೆ ಆಡಿಸಿ, ಗೊತ್ತಾತು ಅಂದ. ಏನು ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಫೆಬ್ರವರಿಯಿಂದ ತೊಂದರೆ ಶುರುವಾಯಿತು. ಅದೂ ಸೋಮವಾರ ಮಾತ್ರ. ಮಂಗಳವಾರದಿಂದ ಶನಿವಾರದವರೆಗೆ ಆ ಹಾಲ್‌ನಲ್ಲಿ ಟ್ರೇನಿಂಗ್ ನಡೆಯಲಿ, ಲೆಕ್ಕಪತ್ರದವರು ಕೂರಲಿ, ಯಾರದೂ ದೂರಿಲ್ಲ. ಸೋಮವಾರ ಹತ್ತಕ್ಕೆ ಯಜಮಾನರ ಮೀಟಿಂಗ್ ಶುರುವಾದರೆ ಹನ್ನೊಂದಕ್ಕೆ ಸ್ಟೋರ್ಸಿನ ಮ್ಯಾನೇಜರ್ ತೂಕಡಿಸುತ್ತಿದ್ದರು, ಹನ್ನೊಂದೂಕಾಲಿಗೆ ಪರ್ಚೇಸಿನವರು ಅವರ ಜೊತೆಗೂಡುತ್ತಿದ್ದರು. ಮೀಟಿಂಗ್ ಎಂದರೆ ನಿದ್ದೆ ಸಹಜ ಎಂದು ಮೊದಲು ನಾನು ಸಮಾಧಾನ ಮಾಡಿಕೊಂಡೆ. ಆದರೆ ಯಜಮಾನರೇ ತಲೆ ಭಾರ ಎಂದು ಹಣೆ ಒತ್ತಿಕೊಳ್ಳತೊಡಗಿದಾಗ ನನಗೆ ದಿಗಿಲಾಯಿತು. ಥರ್ಮಾಮೀಟರ್ ತಂದು ಜಾಲರಿಗೆ ಹಿಡಿದೆ. ಮೂವತ್ತೆರಡು. ಇರಬೇಕಾದ್ದಕ್ಕಿಂತ ಒಂದೇ ಡಿಗ್ರಿ ಹೆಚ್ಚು. ಅದಕ್ಕೆ ಯಾರೂ ತೂಕಡಿಸುವುದಿಲ್ಲ.

ಇದಕ್ಕಿಂತ ದೊಡ್ಡ ಸಂಕಟ ಮಿರ್ಚಿಯದು. ಯಜಮಾನರಿಗೆ ಸೋಮವಾರ ಉಪವಾಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ಲೋಟ ಹಾಲು ಕುಡಿದರೆ ಮತ್ತೆ ಸಂಜೆಯ ಪೂಜೆಯವರೆಗೆ ನೀರು ಬಿಟ್ಟು ಬೇರೇನಿಲ್ಲ. ಆದರೆ ತಾನು ಉಪವಾಸ ಎಂದು ಉಳಿದವರ ಹೊಟ್ಟೆ ಕಾಯಿಸುವವರಲ್ಲ. ಹನ್ನೊಂದೂವರೆಗೆ ಸರಿಯಾಗಿ ಕ್ಯಾಂಟೀನಿನ ಗಂಗಮ್ಮ ಎಲ್ಲರಿಗೂ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ ತರಬೇಕು ಎಂಬುದು ಅವರದೇ ಆಜ್ಞೆ. ಮಿರ್ಚಿ ಎಲ್ಲರ ಹೊಟ್ಟೆಗೆ ಹೋಗಿ, ತಟ್ಟೆ ತೊಳೆದು, ಬಾಗಿಲು ಹಾಕಿ ಅರ್ಧ ಗಂಟೆಯಾದ ಮೇಲೂ ಅದರ ವಾಸನೆ ಯಜಮಾನರ ತಲೆಯ ಮೇಲಿನ ಜಾಲರಿಯಿಂದ ಇಳಿದು ಅವರ ಮೂಗಿಗೇ ಬರುತ್ತಿತ್ತು. ಒಂದು ಸೋಮವಾರ ಅವರು ಮಾತು ನಿಲ್ಲಿಸಿ ಮೇಲೆ ನೋಡಿದರು.

"ಇಂಜಿನಿಯರ್ರೆ, ಇದು ಹೊರಗಿನ ಗಾಳಿ ಅಂದ್ರಲ್ಲ, ಹೊರಗ ತಾರಸಿ ಮ್ಯಾಲೆ ಯಾರು ಮಿರ್ಚಿ ಕರಿತಾರೆ?"

ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಒಳಗಿನ ವಾಸನೆ ಹೊರಗಿನ ಗಾಳಿಗೆ ದಾಟಲು ಸಾಧ್ಯವೇ ಇಲ್ಲ, ನಡುವೆ ತಗಡಿದೆ ಎಂದು ಗಟ್ಟಿಯಾಗಿ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮೂಗಿಗೂ ಮಿರ್ಚಿಯ ಘಾಟು ಬಂದು ಕೆಮ್ಮಿದೆ.

ತಗಡು ತೂತಾಗಿರಬೇಕೆಂದು ಮಂಗಳವಾರ ಮೇಲೆ ಹತ್ತಿ ಕೋರನ್ನು ಬೆಳಕಿಗೆ ಹಿಡಿದು ನೋಡಿದೆ. ಸೂಜಿ ಮೊನೆಯಷ್ಟೂ ತೂತಿಲ್ಲ. ಕೆಳಗೆ ಊದುಬತ್ತಿ ಹಚ್ಚಿಸಿ ಜಾಲರಿಗೆ ಮೂಗಿಟ್ಟೆ. ಏನೂ ಬರಲಿಲ್ಲ. ಸರಬರಾಜು ಮಾಡಿದ ಬೆಂಗಳೂರಿನ ಕಂಪನಿಯವರಿಗೆ ಪತ್ರ ಬರೆದೆ. ಅವರ ಟೆಕ್ನಿಷಿಯನ್ ಒಂದು ಬುಧವಾರ ಬಂದು ಎಲ್ಲ ಅಳೆದು ಯಂತ್ರ ಹೊಚ್ಚಹೊಸದರಂತಿದೆ ಎಂದ. ಆರೈಕೆಯಲ್ಲಿ ನಮ್ಮದೇನೂ ಕೊರತೆಯಿಲ್ಲ ಎಂದು ತೋರಿಸಲು ನಾನು ಕೋಟ್ರಪ್ಪನ ಕಾರ್ಡುಗಳ ಫೈಲನ್ನು ಅವನ ಮುಂದಿಟ್ಟೆ. ಅವನು ಹಾಳೆ ತಿರುವಿ, ಬರವಣಿಗೆ ಬಹಳ ದುಂಡಗಿದೆ ಎಂದು ಹೊಗಳಿ, ಊಟ ಮಾಡಿ ಹೋದ.

ಅಷ್ಟರಲ್ಲಿ ಕಾರ್ಖಾನೆಯ ತುಂಬ ಸುದ್ದಿ ಹಬ್ಬಿತ್ತು. ಮಿಷನ್ನು ಯಜಮಾನರ ಜೊತೆ ಸೋಮವಾರ ಉಪವಾಸ ಹಿಡಿದಿದೆ, ಅದಕ್ಕೇ ಅವತ್ತು ಅದಕ್ಕೆ ತ್ರಾಣವಿರುವುದಿಲ್ಲ ಎಂದು ಮೋಲ್ಡಿಂಗ್ ಶಾಪಿನಲ್ಲಿ ಮಾತಾಡಿಕೊಂಡರು. ಟೆಂಪೋದಲ್ಲಿ ನನ್ನನ್ನು ಕಂಡವರು, ಏನ್ ಸಾರ್, ನಿಮ್ಮ ಮಿಷನ್ನಿಗೆ ಸಂಜೆ ಫಲಾಹಾರ ಏನು ಎಂದು ಕೇಳುತ್ತಿದ್ದರು. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ನಗುವುದನ್ನು ಬಿಟ್ಟು, ಹಾಗಾದರೆ ಫ್ರಿಜ್ಜು ಬೇಡವೇ ಬೇಡ ಎಂದಳು.

ನಗು ಹೆಚ್ಚು ದಿನ ಉಳಿಯಲಿಲ್ಲ. ಮೇ ತಿಂಗಳ ನಡುವೆ ಜಗದೀಶ್ ನನ್ನನ್ನು ಕರೆದರು. ಪುಣೆಯ ಒಂದು ದೊಡ್ಡ ಪಂಪ್ ಕಂಪನಿಯ ಮೂವರು ನಮ್ಮ ಕಾರ್ಖಾನೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮೂರು ವರ್ಷದ ಕೆಲಸ. ಹತ್ತರಿಂದ ಒಂದರವರೆಗೆ ಅವರು ಕೂರುವುದು ಅದೇ ಹಾಲ್‌ನಲ್ಲಿ. ಬರುವುದು ಮೇ ಇಪ್ಪತ್ತೈದು, ಸೋಮವಾರ. ದಿನ ಬದಲಾಯಿಸಬಹುದೇ ಎಂದು ನಾನು ಕೇಳಿಬಿಟ್ಟೆ. ಜಗದೀಶ್ ಕ್ಯಾಲೆಂಡರನ್ನು ಪಕ್ಕಕ್ಕೆ ತಳ್ಳಿದರು.

"ಬಂದವ್ರು ತೂಕಡಿಸಿದ್ರೆ, ಜೂನ್‌ಗೆ ನಿಮ್ಮ ಕಾಯಂ ಕಾಗದಕ್ಕ ನಾನು ಸಹಿ ಮಾಡಲ್ಲ. ನೀವೂ ನಿಮ್ಮ ಮಿಷನ್ನೂ ಒಂದೇ ಲಾರ್‍ಯಾಗ ಹೋಗ್ರಿ."

ಹದಿನೆಂಟನೇ ತಾರೀಕಿನ ಸೋಮವಾರ ನನ್ನ ಬಳಿ ಉಳಿದಿದ್ದ ಒಂದೇ ಸೋಮವಾರ. ಅವತ್ತು ನನಗೊಂದು ಹೊಳೆಯಿತು. ಇಷ್ಟು ತಿಂಗಳಲ್ಲಿ ನಾನು ಯಂತ್ರವನ್ನು ಮಂಗಳವಾರ ನೋಡಿದ್ದೆ, ಬುಧವಾರ ನೋಡಿದ್ದೆ, ಸೋಮವಾರ ಮೀಟಿಂಗ್ ಮುಗಿದ ಮೇಲೂ ನೋಡಿದ್ದೆ. ಮೀಟಿಂಗ್ ನಡೆಯುವಾಗ ಮಾತ್ರ ನೋಡಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ನಾನು ಕೆಳಗೆ ಕುಳಿತು ಆಕಳಿಸುತ್ತಿದ್ದೆ. ವಿಪರೀತ ಹಲ್ಲುನೋವು ಎಂದು ಚೀಟಿ ಕಳಿಸಿ ಮೀಟಿಂಗ್ ತಪ್ಪಿಸಿಕೊಂಡೆ. ಒಂಬತ್ತೂವರೆಗೆ ತಾರಸಿ ಕೋಣೆಗೆ ಹೋಗಿ ಹಳೆಯ ಗಾಳಿ ಬರುವ ದಪ್ಪ ಕೊಳವೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತೆ.

ಒಂಬತ್ತೂ ನಲವತ್ತೈದಕ್ಕೆ ಕೋಟ್ರಪ್ಪ ಬಂದ. ಚಪ್ಪಲಿ ಬಿಟ್ಟ. ಕೈ ತೊಳೆದುಕೊಂಡ. ಸ್ವಿಚ್ ಆರಿಸಿ, ನಾಲ್ಕು ಬೋಲ್ಟ್ ಬಿಚ್ಚಿ, ಮುಚ್ಚಳ ತೆಗೆದ. ಮಗುವನ್ನು ತೊಟ್ಟಿಲಿನಿಂದ ಎತ್ತುವಂತೆ ಕೋರನ್ನು ಎರಡೂ ಕೈಯಲ್ಲಿ ಎತ್ತಿ ಮಡಿಸಿದ ಗೋಣಿಚೀಲದ ಮೇಲೆ ಇಟ್ಟ. ಖಾಲಿ ಪೆಟ್ಟಿಗೆಗೆ ಮುಚ್ಚಳ ಹಾಕಿ, ಬೋಲ್ಟ್ ಬಿಗಿದು, ಸ್ವಿಚ್ ಹಾಕಿದ. ಯಂತ್ರ ಎಂದಿಗಿಂತ ಹಗುರವಾಗಿ ಗುಂಯ್‌ಗುಟ್ಟಿತು. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕೂತು ಜೇಬಿನಿಂದ ಕಾರ್ಡು ತೆಗೆದು ದುಂಡಗೆ ಬರೆಯತೊಡಗಿದ.

ನಾನು ಎದ್ದು ನಿಂತಾಗ ಅವನಿಗಿಂತ ನನಗೇ ಹೆಚ್ಚು ಗಾಬರಿಯಾಗಿತ್ತು, ಕಾಲು ಜೋಮು ಹಿಡಿದಿತ್ತು. ಕೋರನ್ನು ಯಾಕೆ ತೆಗೆದೆ ಎಂದು ಕೇಳಿದೆ. ಅವನು ಏನನ್ನೂ ಮುಚ್ಚಿಡುವವನಂತೆ ಕಾಣಲಿಲ್ಲ. ನನ್ನ ಹಲ್ಲುನೋವು ಹೇಗಿದೆ ಎಂದು ಮೊದಲು ವಿಚಾರಿಸಿದ. ಆಮೇಲೆ, ದನಿ ತಗ್ಗಿಸಿ, ನನಗೆ ಬೇಸರವಾಗದ ಹಾಗೆ ಹೇಳಿದ:

"ಎಲ್ರೂ ಉಸಿರಾಡಿ ಬಿಟ್ಟಿದ್ದು ಈ ಪೆಟ್ಟಿಗ್ಯಾಗ ಹೊಸ ಗಾಳಿಗೆ ಸೇರತೈತೆ ಅಂತ ನೀವೇ ಹೇಳಿದ್ರಿ, ಸಾಹೇಬ್ರ. ಅಂದ್ರ ಎಂಜಲು ಗಾಳಿ ಆತಲ್ರಿ. ನಮ್ಮಂಥವ್ರಿಗೆ ನಡಿತೈತೆ. ಸೋಮವಾರ ಯಜಮಾನ್ರು ಪೂಜೆ ಮಾಡ್ಕೆಂಡು, ಉಪಾಸ ಇದ್ದು ಬಂದು ಕುಂದ್ರತಾರೆ. ಅವ್ರಿಗೆ ಹೆಂಗೆ ಎಂಜಲು ಗಾಳಿ ಕೊಡ್ಲಿ? ಅದಕ್ಕ ಆ ಸೇರೋ ಪೆಟ್ಟಿಗೇನೆ ತೆಗೆದಿಡ್ತೀನಿ."

ಇದನ್ನು ನನಗೆ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಓದಿದವ್ರು. ಈ ಮಿಷನ್ ತರಿಸಿದವ್ರೂ ನೀವೇ. ನಿಮ್ಮ ತಪ್ಪು ನಾನು ಹೆಂಗೆ ಎತ್ತಿ ತೋರಿಸ್ಲಿ? ಯಾರಿಗೂ ಗೊತ್ತಾಗೋದು ಬ್ಯಾಡ ಅಂತ ನಾನೇ ಸಂಭಾಳಿಸ್ಕೆಂಡು ಹೊಂಟಿದ್ದೆ."

ನಾಲ್ಕು ತಿಂಗಳಿನಿಂದ ಅವನು ನನ್ನ ಮಾನ ಕಾಪಾಡುತ್ತಿದ್ದ. ನಾನು ನಗಲಾರದೆ ಅಳಲಾರದೆ ಅದೇ ಸ್ಟೂಲಿನ ಮೇಲೆ ಕೂತೆ. ಓದುಗರಿಗೆ ಅವನು ಮಾಡಿದ್ದೇನು ಎಂದು ಬಿಡಿಸಿ ಹೇಳಬೇಕು. ಆ ತಗಡುಗಳೇ ಎರಡು ಗಾಳಿಯ ನಡುವಿನ ಗೋಡೆ. ಗೋಡೆ ತೆಗೆದ ಮೇಲೆ ಖಾಲಿ ಪೆಟ್ಟಿಗೆಯಲ್ಲಿ ಹಳೆಯ ಗಾಳಿಯೂ ಹೊಸ ಗಾಳಿಯೂ ಕಲಸಿಹೋಗುತ್ತವೆ. ಹಳೆಯ ಗಾಳಿ ತಂಪಾದ್ದರಿಂದ ಮಿಶ್ರಣವೂ ತಂಪಾಗಿಯೇ ಇರುತ್ತದೆ, ಥರ್ಮಾಮೀಟರಿಗೆ ಅನುಮಾನ ಬರುವುದಿಲ್ಲ. ಬರುವುದು ಮೂಗಿಗೆ. ಕಾರ್ಖಾನೆಯಲ್ಲಿ ಉಳಿದ ಯಾರಿಗೂ, ಉಳಿದ ಯಾವ ದಿನವೂ ಕೊಡದ ಎಂಜಲು ಗಾಳಿಯನ್ನು ಕೋಟ್ರಪ್ಪ ವಾರಕ್ಕೊಮ್ಮೆ, ಕೈ ತೊಳೆದುಕೊಂಡು, ಯಜಮಾನರೊಬ್ಬರ ನೆತ್ತಿಯ ಮೇಲೆ ಭಕ್ತಿಯಿಂದ ಬಿಡುತ್ತಿದ್ದ.

ಅವನ ಕೈಯಲ್ಲಿದ್ದ ಕಾರ್ಡು ತೆಗೆದುಕೊಂಡು ಓದಿದೆ. "ಫಿಲ್ಟರ್ ತೊಳೆದೆ. ಯಜಮಾನರು ಬರುವ ಮುಂಚೆ ೯-೪೫ಕ್ಕೆ ಒಳಗಿನ ಪೆಟ್ಟಿಗೆ ತೆಗೆದಿಟ್ಟೆ." ಮುಂದಿನ ಸಾಲಿಗೆ ಜಾಗ ಬಿಟ್ಟಿದ್ದ. ಕೆಳಗಿಳಿದು ಫೈಲ್ ತೆಗೆದೆ. ಫೆಬ್ರವರಿ ಎರಡರಿಂದ ಪ್ರತಿ ವಾರದ ಕಾರ್ಡಿನಲ್ಲೂ ಅದೇ ಸಾಲು, ಅದರ ಕೆಳಗೆ "೧೨-೪೫ಕ್ಕೆ ವಾಪಸ್ ಹಾಕಿದೆ. ಮಿಷನ್ ಚೆನ್ನಾಗಿದೆ." ಅದರ ಕೆಳಗೆ ನನ್ನ ಸಹಿ. ಅವನು ಒಂದಕ್ಷರವನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಒಂದಕ್ಷರವನ್ನೂ ಓದಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದೆ. ದಾರಿ ಎರಡಿದ್ದವು. ಇನ್ನು ಮೇಲೆ ಪೆಟ್ಟಿಗೆ ಮುಟ್ಟಬೇಡ ಎಂದು ಕೋಟ್ರಪ್ಪನಿಗೆ ಹೇಳಿ, ಫೈಲನ್ನು ಬೀರುವಿನ ಹಿಂದೆ ತಳ್ಳಿ, ಯಂತ್ರ ರಿಪೇರಿ ಮಾಡಿದೆ ಎಂದು ಮೀಸೆ ತಿರುವಬಹುದಿತ್ತು. ಹಾಗೆ ಮಾಡಿದರೆ ಕೋಟ್ರಪ್ಪ ಸುಮ್ಮನಿರುವುದಿಲ್ಲ, ಮತ್ತೇನಾದರೂ ಉಪಾಯ ಹುಡುಕುತ್ತಾನೆ ಎಂಬ ಭಯವಿತ್ತು. ಇಲ್ಲವೇ ಆಪರೇಟರ್ ನನಗೆ ಹೇಳದೆ ಮಾಡಿದ್ದು ಎಂದು ವರದಿ ಕೊಡಬಹುದಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸು ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು, ನನ್ನ ಕಾಗದ ಉಳಿಯುತ್ತಿತ್ತು. ಆದರೆ ಅವನು ಹೇಳದೆ ಮಾಡಿರಲಿಲ್ಲವಲ್ಲ. ಬಾತಿಯ ಹತ್ತಿರ ಬಸ್ಸು ನಿಂತಾಗ ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಂದು ಲೋಟ ಮಡಕೆಯ ನೀರು ಕೊಟ್ಟು, ಇದೇ ಸಾಕಾಗಿದೆ ನಮಗೆ, ನಿಜ ಹೇಳಿ ಬನ್ನಿ ಎಂದಳು.

ಮಂಗಳವಾರ ಹತ್ತಕ್ಕೆ ಫೈಲ್ ಹಿಡಿದು ಯಜಮಾನರ ಕೋಣೆಗೆ ಹೋದೆ. ಜಗದೀಶ್ ಅಲ್ಲೇ ಇದ್ದರು. ಕೋಟ್ರಪ್ಪನನ್ನೂ ಕರೆಸಿದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಜಗದೀಶ್ ಮುಖ ಕೆಂಪಾಗಿ, ಇವನನ್ನು ಈಗಲೇ ಗೇಟಿನ ಹೊರಗೆ ಕಳಿಸಬೇಕು ಎಂದರು. ಯಜಮಾನರು ಕೈ ಎತ್ತಿ ಮಗನನ್ನು ತಡೆದು, ಕಾರ್ಡಿನ ಕೆಳಗಿನ ಸಹಿ ಯಾರದು ಎಂದು ಕೇಳಿದರು. ನನ್ನದು ಎಂದೆ. ಓದಿ ಹೇಳಿರಿ ಎಂದರು. ಓದಿದೆ. ಮುಂದಿನದು ಎಂದರು. ಅದೂ ಹಾಗೇ ಇದೆ ಎಂದೆ. ಇರಲಿ, ಓದಿ ಎಂದರು. ಹೀಗೆ ಹಿಂದಿನ ದಿನದ್ದೂ ಸೇರಿ ಹದಿನಾರು ಕಾರ್ಡುಗಳನ್ನು, ಒಂದೇ ಸಾಲನ್ನು ಹದಿನಾರು ಸಲ, ಒಂದನೇ ಕ್ಲಾಸಿನ ಹುಡುಗನಂತೆ ನಿಂತು ಗಟ್ಟಿಯಾಗಿ ಓದಿದೆ. ಎಂಟನೆಯದಕ್ಕೆ ಜಗದೀಶ್ ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿತ್ತು. ಪ್ರತಿ ಸಲ "ಮಿಷನ್ ಚೆನ್ನಾಗಿದೆ" ಎಂಬಲ್ಲಿಗೆ ಬಂದಾಗ ಕೋಟ್ರಪ್ಪ ಮಾತ್ರ ಗಂಭೀರವಾಗಿ ತಲೆ ಆಡಿಸುತ್ತಿದ್ದ.

"ಹದಿನಾರು ಸೋಮವಾರ," ಎಂದರು ಯಜಮಾನರು ಕೊನೆಗೆ. "ವ್ರತ ಪೂರ್ತಿ ಆತು. ಈಗ ಇವನಿಗೆ ಮಿಷನ್ನು ಏನಂತ ತಿಳಿಸಿ ಹೇಳ್ರಿ. ಅವನಿಗೆ ತಿಳಿಯೋ ಹಂಗ."

ನಾನು ಉಷ್ಣವಾಹಕತೆ ಎಂದು ಬಾಯಿ ತೆರೆದೆ. ಅವರ ಹುಬ್ಬು ನೋಡಿ ಮುಚ್ಚಿದೆ. ಅಷ್ಟರಲ್ಲಿ ಗಂಗಮ್ಮ ಯಜಮಾನರ ಬೆಳಗಿನ ಹಾಲು ತಂದಿಟ್ಟಳು. ಬಿಸಿ ಹಾಲಿನ ಸ್ಟೀಲ್ ಲೋಟವನ್ನು ಆರಲೆಂದು ಒಂದು ಬಟ್ಟಲು ತಣ್ಣೀರಿನಲ್ಲಿ ನಿಲ್ಲಿಸಿ ತರುವುದು ಅವಳ ಪದ್ಧತಿ. ನಾನು ಅದನ್ನೇ ನೋಡುತ್ತ ನಿಂತೆ. ಎರಡು ನಿಮಿಷ ಬಿಟ್ಟು, ಬಟ್ಟಲಿನ ನೀರಿಗೆ ಬೆರಳಿಡು ಎಂದು ಕೋಟ್ರಪ್ಪನಿಗೆ ಹೇಳಿದೆ. ಅವನು ಯಜಮಾನರ ಮುಖ ನೋಡಿ, ಅಂಜುತ್ತ ಇಟ್ಟ. ಬೆಚ್ಚಗಿದೆ ಎಂದ. ನೀರಿಗೆ ಹಾಲೇನಾದರೂ ಸೇರಿದೆಯೇ ಎಂದು ಕೇಳಿದೆ. ಬಗ್ಗಿ ನೋಡಿದ. ಇಲ್ಲ ಎಂದ. ಲೋಟದ ಹಾಲಿಗೆ ನೀರು ಸೇರಿದೆಯೇ? ಇಲ್ಲ. ಬಿಸಿ ದಾಟಿತು, ಹಾಲು ದಾಟಲಿಲ್ಲ, ಪೆಟ್ಟಿಗೆಯ ತಗಡು ಈ ಲೋಟ ಇದ್ದ ಹಾಗೆ ಎಂದೆ.

ಕೋಟ್ರಪ್ಪ ಮತ್ತೊಮ್ಮೆ ನೀರಿಗೆ ಬೆರಳಿಟ್ಟು ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಹಂಗಾದ್ರೆ ನಾನು ಲೋಟಾನೆ ತೆಗೆದುಬಿಟ್ಟಿದ್ದೆನಲ್ರಿ."

ಅವನ ಕಣ್ಣು ತುಂಬಿದವು. ಯಜಮಾನರ ಕಾಲಿಗೆ ಬೀಳಲು ಹೋದ. ಅವರು ರಟ್ಟೆ ಹಿಡಿದು ನಿಲ್ಲಿಸಿದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಲೇ ಕೋಟ್ರಪ್ಪ, ಮೂವತ್ತು ವರ್ಷ ಆ ಭಟ್ಟಿ ಮುಂದೆ ನಿಮ್ಮ ಜೊತಿಗೇ ಕುಂತು ಬುತ್ತಿ ಉಂಡೀನಿ, ನಿಮ್ಮ ಜೊತಿಗೇ ಉಸಿರಾಡೀನಿ. ಈಗ ನನಗೊಬ್ಬನಿಗೆ ಬ್ಯಾರೆ ಗಾಳಿ ಬೇಕು ಅಂತ ನಿನಗ ಯಾರು ಹೇಳಿದ್ರು?"

ಕೋಟ್ರಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಯಜಮಾನರು ತೀರ್ಪು ಕೊಟ್ಟರು. ಕೋಟ್ರಪ್ಪ ಕೆಲಸದಲ್ಲಿ ಇರುತ್ತಾನೆ, ಬರೆದದ್ದು ನಿಜ. ಇಂಜಿನಿಯರರ ವಿಷಯ ಬರುವ ಸೋಮವಾರದ ಮೇಲೆ. ಪುಣೆಯವರು ಯಂತ್ರದ ಬಗ್ಗೆ ಕೇಳಿದರೆ ಹೇಳಬೇಕಾದವನು ನಾನಲ್ಲ, ಕೋಟ್ರಪ್ಪ.

ಮೇ ಇಪ್ಪತ್ತೈದರ ಬೆಳಿಗ್ಗೆ ನಾನು ಮೂರು ಸಲ ತಾರಸಿ ಹತ್ತಿ ಕೋರ್ ಇದೆಯೇ ಎಂದು ಮುಟ್ಟಿ ನೋಡಿದೆ. ಮೂರನೆಯ ಸಲ ಕೋಟ್ರಪ್ಪ ಬಾಗಿಲಿಗೆ ಅಡ್ಡ ನಿಂತು, ಅದು ಎಲ್ಲಿಗೂ ಓಡಿ ಹೋಗಲ್ಲ ಎಂದ. ಹೊರಗೆ ಮೂವತ್ತೇಳು ಡಿಗ್ರಿ. ಹತ್ತಕ್ಕೆ ಸಭೆ ಶುರುವಾಯಿತು. ಹನ್ನೊಂದಾಯಿತು. ನಾನು ನಕ್ಷೆ ನೋಡುವವನಂತೆ ನಟಿಸುತ್ತ ಪುಣೆಯವರ ರೆಪ್ಪೆಗಳನ್ನೇ ಕಾಯುತ್ತಿದ್ದೆ. ಮೂವರೂ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಇನ್ನೂ ದೊಡ್ಡ ಪವಾಡವೆಂದರೆ ನಮ್ಮ ಸ್ಟೋರ್ಸಿನ ಮ್ಯಾನೇಜರ್ ಪೂರ್ತಿ ಎಚ್ಚರವಿದ್ದರು, ಅವರಿಂದ ಉತ್ತರ ಬಂದದ್ದು ಕಂಡು ಅವರಿಗೇ ಆಶ್ಚರ್ಯವಾದಂತಿತ್ತು. ಹನ್ನೊಂದೂವರೆಗೆ ಮಿರ್ಚಿ ಬಂತು. ಪುಣೆಯವರು ಮೂಗು ಒರೆಸಿಕೊಳ್ಳುತ್ತ ಎರಡೆರಡು ಸಲ ಹಾಕಿಸಿಕೊಂಡರು. ಅವರಲ್ಲಿ ಹಿರಿಯರು ಮೇಲಿನ ಜಾಲರಿ ನೋಡಿ, ಫೌಂಡ್ರಿಯ ಪಕ್ಕದಲ್ಲಿ ಇಷ್ಟು ತಿಳಿ ಗಾಳಿ ಹೇಗೆ ಎಂದು ವಿಚಾರಿಸಿದರು.

ಯಜಮಾನರು ಕೋಟ್ರಪ್ಪನನ್ನು ಕರೆಸಿದರು. ಅವನು ಒಗೆದ ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಬಿಸಿ ಹಾಲಿನ ಲೋಟ ಹಿಡಿದು ಬಂದ. ಅವನು ಕನ್ನಡದಲ್ಲಿ ಹೇಳಿದ, ಜಗದೀಶ್ ಹಿಂದಿಯಲ್ಲಿ ಹೇಳಿದರು. ಹಿಂದಿ ಬೇಕಾಗಿರಲಿಲ್ಲ. ಪುಣೆಯ ಮೂವರೂ ಸರದಿಯ ಮೇಲೆ ನೀರಿಗೆ ಬೆರಳಿಟ್ಟು ನೋಡಿದರು. ಕೊನೆಗೆ ಕೋಟ್ರಪ್ಪ ಲೋಟವನ್ನು ಮೇಲೆತ್ತಿ ತೋರಿಸಿ, ಇದನ್ನು ಯಾವತ್ತೂ ತೆಗೆಯಬಾರದು ಎಂದು ಅನುಭವಸ್ಥನ ದನಿಯಲ್ಲಿ ಎಚ್ಚರಿಕೆ ಕೊಟ್ಟ. ಪುಣೆಯವರು ಆ ವರ್ಷದ ಕೊನೆಯಲ್ಲಿ ಕೆಲಸ ಕೊಟ್ಟರು. ಅದು ನಮ್ಮ ಎರಕದ ಗುಣಕ್ಕೆ ಸಿಕ್ಕಿದ್ದು, ಗಾಳಿಗಲ್ಲ ಎಂದು ನನಗೆ ಗೊತ್ತಿದೆ. ಕೋಟ್ರಪ್ಪನಿಗೆ ಹಾಗೆಂದು ಯಾರೂ ಹೇಳಲಿಲ್ಲ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಯಜಮಾನರು ಕುರ್ಚಿಯಲ್ಲೇ ಕೂತು ಒಂದೆರಡು ಸಲ ಗಾಳಿ ಮೂಸಿದರು. ತಲೆ ಭಾರ ಇಲ್ಲವಷ್ಟೇ ಎಂದು ಕೇಳಿದೆ.

"ತಲಿ ಹಗುರ ಐತ್ರಿ. ಆದ್ರ ಮಿರ್ಚಿ ವಾಸನಿ ಬರಲಿಲ್ಲ," ಎಂದರು. ಜಾಲರಿಯತ್ತ ಕತ್ತೆತ್ತಿ, "ಉಪಾಸದ ದಿನ ಅದೊಂದು ಆಸರೆ ಆಗಿತ್ತು."

ಜೂನ್‌ನಲ್ಲಿ ಕಾಯಂ ಕಾಗದ ಬಂತು. ಜಗದೀಶ್ ಅದಕ್ಕೆ ಸಹಿ ಮಾಡುವ ಮುನ್ನ ನನ್ನ ಮುಂದೆಯೇ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ನಾವು ಫ್ರಿಜ್ಜು ತಂದೆವು.

ಅಲ್ಲಿಂದ ಮುಂದೆ ಬೇರೆ ಬೇರೆ ಊರುಗಳಲ್ಲಿ ಇಪ್ಪತ್ತು ವರ್ಷ ಯಂತ್ರಗಳ ಆರೈಕೆ ಮಾಡಿಸಿದ್ದೇನೆ. ಯಾರಿಗಾದರೂ ಏನನ್ನಾದರೂ ಕಲಿಸಿದ ಮೇಲೆ, ಗೊತ್ತಾಯಿತೇ ಎಂದು ಕೇಳುವುದನ್ನು ಬಿಟ್ಟೆ. ಏನು ಗೊತ್ತಾಯಿತು, ಹೇಳು ಎಂದು ಕೇಳುವುದನ್ನು ಕಲಿತೆ. ಇದು ನನ್ನ ಕೆಲಸ ನನಗೆ ಕಲಿಸಿದ ಪಾಠ. ಇನ್ನೊಂದನ್ನು ಕೋಟ್ರಪ್ಪ ಕಲಿಸಿದ. ಆ ಮೇ ತಿಂಗಳ ಕೊನೆಯ ಶನಿವಾರದಿಂದ ಹಿಡಿದು ನಾನು ಆ ಕಾರ್ಖಾನೆ ಬಿಡುವವರೆಗೆ, ಕಾರ್ಡು ತರುವಾಗ ಅವನು ನನ್ನ ಮೇಜಿನ ಮೇಲಿನ ಪೆನ್ನನ್ನು ಮೊದಲು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೊರಗೆ ಟೆಂಪೋ ಹಾರ್ನ್ ಹೊಡೆಯುತ್ತಿದ್ದರೂ ಅವಸರವಿಲ್ಲದೆ ಎದುರು ನಿಂತು ಹೇಳುತ್ತಿದ್ದ:

"ಓದ್ರಿ, ಸಾಹೇಬ್ರ. ಆಮ್ಯಾಲೆ ಪೆನ್ನು ಕೊಡ್ತೀನಿ."